ಕೋಡೊಲೆ ತಣ್ಣಗಾದಾಗ

ನಮ್ಮ ಕಡೆಯ ಮೋಟಾರು ಗಾಡಿಗಳಲ್ಲಿ ಚಾಲಕನ ಎಡಗೈಗೆ ನಿಲುಕುವ ಹಾಗೆ ಒಂದು ತಿರುಗುಗುಂಡಿ ಇರುತ್ತದೆ. ಅದರ ಒಂದು ಮಗ್ಗುಲಿಗೆ ನೀಲಿಯ ಗೆರೆ, ಮತ್ತೊಂದು ಮಗ್ಗುಲಿಗೆ ಕೆಂಪಿನ ಗೆರೆ. ನೀಲಿಯ ಉಪಯೋಗವನ್ನು ಮನೆಯ ಮಕ್ಕಳೂ ಬಲ್ಲರು. ಕೆಂಪಿನ ಕಡೆಗೆ ಅದನ್ನು ತಿರುಗಿಸಿದವರನ್ನು ಮಾತ್ರ ನಾನು ಮೈಸೂರಿನಲ್ಲಿ ಕಂಡವನಲ್ಲ. ನಮ್ಮ ಅಕ್ಷರಮಾಲೆಯಲ್ಲಿ ೠಕಾರವಿದೆಯಷ್ಟೆ? ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅದರಿಂದ ಮೊದಲಾಗುವ ಒಂದು ಶಬ್ದವನ್ನು ಹೇಳಿ ಎಂದರೆ ಮೇಷ್ಟರೂ ತಲೆ ಕೆರೆದುಕೊಳ್ಳುತ್ತಾರೆ. ಈ ಕೆಂಪು ಗೆರೆಯೂ ಅಂಥದೇ ಒಂದು ಅಕ್ಷರವೆಂದು, ನನ್ನ ಹಳೆಯ ಗಾಡಿಯಲ್ಲಿ ಕುಳಿತು ಆರು ವರ್ಷಗಳ ಕಾಲ ನಂಬಿದ್ದೆ. ಆ ನಂಬಿಕೆ ಹೋದದ್ದು 2025ರ ಜನವರಿಯಲ್ಲಿ, ಅಮೆರಿಕದ ಮಿನ್ನಿಸೋಟ ರಾಜ್ಯದಲ್ಲಿ.

ನನ್ನ ತಂಗಿಯ ಸಂಸಾರ ಮಿನ್ನಿಯಾಪೊಲಿಸ್ ನಗರದ ಹೊರವಲಯದಲ್ಲಿದೆ. ಮಗುವಿಗೆ ಹತ್ತು ತಿಂಗಳು ತುಂಬಿತ್ತು. ಸೋದರಮಾವನ ಕರ್ತವ್ಯವೆಂದು ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಹೊರಡುವ ಮುನ್ನ ಹಿರಿಯ ಸಹೋದ್ಯೋಗಿಯೊಬ್ಬರು, “ಅಲ್ಲಿ ಚಳಿ ಸ್ವಲ್ಪ ಹೆಚ್ಚು” ಎಂದಿದ್ದರು. ಅವರು ವ್ಯಾಕರಣ ಪಾಠ ಹೇಳುವವರು; ಅವ್ಯಯಗಳ ಬಳಕೆಯಲ್ಲಿ ಇಷ್ಟು ಅಜಾಗರೂಕರೆಂದು ನಾನು ತಿಳಿದಿರಲಿಲ್ಲ. ಆ ಊರಿನಲ್ಲಿ 2019ರ ಜನವರಿ 30ರಂದು ಪಾದರಸ ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ನಾನು ಹೋದಾಗ ಅಷ್ಟಿಲ್ಲ, 20 ಡಿಗ್ರಿ ಕೆಳಗೆ ಎಂದು ತಂಗಿ ಸಮಾಧಾನ ಹೇಳಿದಳು. ಮೂಗಿನೊಳಗಿನ ತೇವ ಹೆಪ್ಪುಗಟ್ಟಿ ಚುಚ್ಚುವುದನ್ನು ನಾನು ಮೊದಲ ಬಾರಿಗೆ ಅನುಭವಿಸಿದೆ. ಕೆಲವು ಗಾಡಿಗಳ ಮೂತಿಯಿಂದ ವಿದ್ಯುತ್ತಿನ ತಂತಿಯೊಂದು ಹೊರಕ್ಕೆ ಇಳಿಬಿದ್ದಿರುವುದನ್ನು ಕಂಡು ಇದೇನೆಂದು ಕೇಳಿದೆ. ರಾತ್ರಿ ಎಂಜಿನನ್ನು ಬೆಚ್ಚಗಿಡುವ ಏರ್ಪಾಟಂತೆ! ದನದ ಕೊಟ್ಟಿಗೆಯಲ್ಲಿ ಹೊಗೆ ಹಾಕಿದ ಹಾಗೆ ಅಲ್ಲಿ ಗಾಡಿಗೂ ರಾತ್ರಿಯ ಆರೈಕೆ ಉಂಟು.

ಭಾವನ ಗಾಡಿ ಹತ್ತು ಹನ್ನೊಂದು ವರ್ಷ ಓಡಿದ್ದು. ಎರಡು ಮೂರು ವಾರಗಳಿಂದ ಅದರ ಬಿಸಿಗಾಳಿಯ ಯಂತ್ರ ತಣ್ಣನೆಯ ಗಾಳಿಯನ್ನು ಊದತೊಡಗಿತ್ತು. ಗುಂಡಿಯನ್ನು ಕೆಂಪಿನ ಕೊನೆಗೆ ತಿರುಗಿಸಿದರೂ ಕಾಲಿಗೆ ಬಡಿಯುವುದು ಹಿಮಾಲಯದ ಮಾರುತವೇ. ಒಮ್ಮೆ ಕೈಬೆರಳು ಸೆಟೆಯುವುದೆಂದಿದ್ದರೆ ಸಹಿಸಬಹುದಾಗಿತ್ತು. ಆದರೆ ಒಳಗಿದ್ದವರ ಉಸಿರು ಮುಂಗಾಜಿನ ಮೇಲೆ ಕೂತು, ನೋಡುನೋಡುತ್ತಿದ್ದಂತೆಯೇ ಮಂಜುಗಡ್ಡೆಯ ಪೊರೆಯಾಗಿ ಕಟ್ಟುತ್ತದೆ. ಆ ಪೊರೆಯನ್ನು ಕರಗಿಸುವುದೂ ಇದೇ ಬಿಸಿಗಾಳಿ. ಎಂದಮೇಲೆ ಆ ನಾಡಿನಲ್ಲಿ ಇದು ಸುಖಸಾಧನವಲ್ಲ, ಚಾಲಕನ ಕಣ್ಣು.

ಇದಕ್ಕೆ ಇನ್ನೊಂದು ಅವಸರವೂ ಸೇರಿತ್ತು. ತಂಗಿಯ ಅತ್ತೆಯವರಿಗೆ ಎಪ್ಪತ್ತು ವರ್ಷ, ಹೃದಯದ ತೊಂದರೆ. ಸುಮಾರು 135 ಕಿಲೊಮೀಟರು ದೂರದ ರಾಚೆಸ್ಟರ್ ಪಟ್ಟಣದಲ್ಲಿ ಮಂಗಳವಾರ ಬೆಳಗ್ಗೆ ಎಂಟಕ್ಕೆ ವೈದ್ಯರು ಅವರನ್ನು ನೋಡುವುದೆಂದು ಗೊತ್ತಾಗಿತ್ತು. ಮೂರು ತಿಂಗಳು ಕಾದು ಪಡೆದ ಸಮಯ ಅದು. ತಾಯಿಯ ಹಾಲು ಕುಡಿಯುವ ಕೂಸನ್ನು ಬಿಟ್ಟುಹೋಗುವಂತಿಲ್ಲ. ಆದ್ದರಿಂದ ಬೆಳಕು ಹರಿಯುವ ಮುನ್ನವೇ ಮುದುಕಿ, ಮಗು, ತಂಗಿ, ಭಾವ ಎಲ್ಲರೂ 52ನೆಯ ಹೆದ್ದಾರಿ ಹಿಡಿದು, ಬಯಲುಗಾಳಿಯ ಹೊಲಗಳ ನಡುವೆ ಪ್ರಯಾಣ ಮಾಡಬೇಕು.

ದೊಡ್ಡದೊಂದು ದುರಸ್ತಿ ಕಾರ್ಖಾನೆಯಲ್ಲಿ ಗಾಡಿಯನ್ನು ತೋರಿಸಿದ್ದಾಯಿತು. ಅವರು ಅರ್ಧ ಗಂಟೆ ನೋಡಿ, ಒಳಗಿನ ‘ಹೀಟರ್ ಕೋರ್’ ಕಟ್ಟಿಕೊಂಡಿದೆ, ಮುಂಭಾಗದ ಹಲಗೆಯನ್ನೆಲ್ಲ ಬಿಚ್ಚಿ ಅದನ್ನು ಬದಲಿಸಬೇಕು, ಒಂದು ದಿನದ ಕೆಲಸ, 1,200 ಡಾಲರು ಎಂದು ಬರೆದುಕೊಟ್ಟರು. ಅದೂ ಮುಂದಿನ ವಾರಕ್ಕೆ. ಭಾವ ಆ ಚೀಟಿಯನ್ನು ಊಟದ ಮೇಜಿನ ಮೇಲಿಟ್ಟು, “ಈಗ ಕಂಬಳಿ ಹೊದ್ದು ಹೋಗಿಬರೋಣ, ಎಂಜಿನು ಚೆನ್ನಾಗಿದೆ, ಬಿಸಿಗಾಳಿ ಬರುವುದಿಲ್ಲ, ಅಷ್ಟೇ ತಾನೆ?” ಎಂದ. ಕಂಪ್ಯೂಟರಿನ ಕ್ರಮವಿಧಿಗಳಲ್ಲಿ ದೋಷ ಹುಡುಕುವುದೇ ಅವನ ಕಸುಬು. ಗಣಕದ ವಿಷಯದಲ್ಲಾಗಿದ್ದರೆ ಅವನ ಬಾಯಿಂದ ‘ಅಷ್ಟೇ ತಾನೆ’ ಎಂಬ ಮಾತು ಹೊರಡುತ್ತಿರಲಿಲ್ಲ.

ಈ ‘ಅಷ್ಟೇ ತಾನೆ’ ಎಂಬುದರಲ್ಲೇ ತಪ್ಪಿದೆ ಎಂದು ತಿಳಿಯಬೇಕಾದರೆ ಬಿಸಿಗಾಳಿ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕು. ನಾನು ಅದುವರೆಗೆ, ಇಸ್ತ್ರಿಪೆಟ್ಟಿಗೆಯಲ್ಲಿರುವ ಹಾಗೆ ಒಳಗೆಲ್ಲೋ ಒಂದು ತಂತಿ ಕೆಂಪಗೆ ಕಾಯುತ್ತದೆಂದು ಭಾವಿಸಿದ್ದೆ. ಹಾಗಲ್ಲ. ಮಲೆನಾಡಿನ ಅಡಿಗೆಮನೆಯನ್ನು ಬಲ್ಲವರಿಗೆ ಕೋಡೊಲೆ ಗೊತ್ತಿರುತ್ತದೆ. ಮುಖ್ಯ ಒಲೆಯಲ್ಲಿ ಅನ್ನ ಬೇಯುತ್ತಿರುವಾಗ ಅದರ ಉರಿಯ ಒಂದು ನಾಲಗೆ ಪಕ್ಕದ ಕಿಂಡಿಯಿಂದ ಹರಿದು ಸಾರಿನ ಪಾತ್ರೆಯನ್ನು ಬೆಚ್ಚಗಿಡುತ್ತದೆ. ಕೋಡೊಲೆಗೆ ತನ್ನದೆಂಬ ಸೌದೆ ಇಲ್ಲ. ಪೆಟ್ರೋಲಿನ ಎಂಜಿನು ತಾನು ಉರಿಸಿದ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ಚಕ್ರ ತಿರುಗಿಸುವುದಕ್ಕೆ ಒದಗಿಸುತ್ತದೆ. ಒಂದು ಪಾಲು ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ಪಾಲು ಎಂಜಿನನ್ನು ಸುತ್ತುವ ನೀರಿಗೆ ಸೇರುತ್ತದೆ. ಆ ಕಾದ ನೀರನ್ನು ಮುಂದುಗಡೆಯ ರೇಡಿಯೇಟರು ಆರಿಸುತ್ತದೆ. ಅದೇ ನೀರಿನ ಒಂದು ಕವಲು ಎರಡು ರಬ್ಬರು ಕೊಳವೆಗಳ ಮೂಲಕ ಚಾಲಕನ ಮುಂದಿನ ಹಲಗೆಯ ಹಿಂದಕ್ಕೆ ಬಂದು, ಪುಸ್ತಕದ ಗಾತ್ರದ ಇನ್ನೊಂದು ಪುಟ್ಟ ರೇಡಿಯೇಟರಿನಲ್ಲಿ ಸುತ್ತಿ, ಮರಳಿ ಎಂಜಿನಿಗೆ ಹೋಗುತ್ತದೆ. ಆ ಪುಟ್ಟದೇ ಹೀಟರ್ ಕೋರ್. ಅದರ ಹಿಂದಿನಿಂದ ಬೀಸಣಿಗೆ ಗಾಳಿ ಹಾಕಿದರೆ ನಮಗೆ ಬಿಸಿ. ಎಂಜಿನಿಗೆ ಬೇಡವಾದದ್ದೇ ನಮಗೆ ಪ್ರಸಾದ.

ಇಷ್ಟು ಸರಳವಾದ ಉಪಾಯ ಹೊಳೆಯಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. 1893ರಲ್ಲಿ, ಅಂದರೆ ಸ್ವಾಮಿ ವಿವೇಕಾನಂದರು ಶಿಕಾಗೊ ಸಭೆಯಲ್ಲಿ ಮಾತನಾಡಿದ ವರ್ಷದಲ್ಲೇ, ಅದೇ ಶಿಕಾಗೊದ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆ ‘ಕಾರ್ ಹೀಟರ್’ ಒಂದಕ್ಕೆ ಹಕ್ಕುಪತ್ರ ಪಡೆದಳು. ಇವಳನ್ನು ಮೋಟಾರು ಗಾಡಿಯ ಬಿಸಿಗಾಳಿಯ ತಾಯಿ ಎಂದು ಕರೆಯುವವರಿದ್ದಾರೆ. ಆದರೆ ಅಂದಿನ ‘ಕಾರ್’ ಎಂದರೆ ರೈಲಿನ ಡಬ್ಬಿ. ಶಬ್ದದ ಅರ್ಥ ಜಾರಿದ್ದರಿಂದ ಅವಳಿಗೆ ಈ ಪಟ್ಟ ಬಂತು. ಮೊದಮೊದಲ ಮೋಟಾರುಗಳಿಗೆ ಗಾಜೂ ಇರಲಿಲ್ಲ, ಮಾಡೂ ಇರಲಿಲ್ಲ. ಜನ ಕಾಯಿಸಿದ ಇಟ್ಟಿಗೆಯನ್ನು ಕಾಲ ಬುಡದಲ್ಲಿಟ್ಟುಕೊಂಡು ತೊಡೆಗೆ ಕಂಬಳಿ ಹೊದ್ದು ಹೋಗುತ್ತಿದ್ದರು. ಆಮೇಲೆ ಹೊಗೆಕೊಳವೆಯ ಸುತ್ತಲಿನ ಗಾಳಿಯನ್ನು ಒಳಗೆ ಬಿಟ್ಟರು; ಅದರಲ್ಲಿ ವಿಷಾನಿಲ ನುಸುಳುವ ಭಯವಿತ್ತು. ಎಂಜಿನಿನ ನೀರನ್ನೇ ಒಳಗೆ ತಂದು ಬಿಸಿಗಾಳಿ ಮಾಡುವ ಪದ್ಧತಿ ಬಂದದ್ದು 1930ರ ಸುಮಾರಿಗೆ. ಹೊರಗಿನ ಶುದ್ಧವಾದ ಗಾಳಿಯನ್ನು ಸೋಸಿ, ಕಾಯಿಸಿ ಒಳಗೆ ಹರಿಸುವ ಏರ್ಪಾಟನ್ನು ನ್ಯಾಶ್ ಕಂಪನಿ 1938ರಲ್ಲಿ ತಂದಿತು. ಇಂದಿನ ಗಾಡಿಯಲ್ಲಿಯೂ ಮೂಲತತ್ತ್ವ ಅದೇ.

ಭಾವನ ‘ಅಷ್ಟೇ ತಾನೆ’ಗೆ ಉತ್ತರ ಕೊಟ್ಟವರು ಪಕ್ಕದ ಮನೆಯ ವೃದ್ಧರು. ಎಂಬತ್ತರ ಸಮೀಪದ ವಯಸ್ಸು. ಯೌವನವೆಲ್ಲ ಟ್ರಾಕ್ಟರುಗಳ ದುರಸ್ತಿಯಲ್ಲಿ ಕಳೆದವರು. ಶನಿವಾರ ಮಧ್ಯಾಹ್ನ ನಾವು ಬಾನೆಟ್ಟು ಎತ್ತಿಕೊಂಡು, ದೇವರ ಗುಡಿಯ ಮುಂದೆ ನಿಂತವರ ಹಾಗೆ ಕೈಕಟ್ಟಿ ನಿಂತಿದ್ದುದನ್ನು ಕಂಡು ಹಿಮದಲ್ಲಿ ಕಾಲೆಳೆಯುತ್ತ ಬಂದರು. ಬಂದವರು ಎಂಜಿನಿನೊಳಗೆ ಇಣುಕಲೇ ಇಲ್ಲ. ಗೋಡೆಗೆ ಒರಗಿ ನಿಂತು ಪ್ರಶ್ನೆ ಕೇಳತೊಡಗಿದರು. ನನ್ನ ಅಜ್ಜನ ಕಾಲದ ಆಯುರ್ವೇದದ ಪಂಡಿತರು ಹೀಗೆಯೇ: ರೋಗಿ ಹೊಸ್ತಿಲು ದಾಟುವುದರೊಳಗೆ ಅರ್ಧ ನಿದಾನ ಮುಗಿದಿರುತ್ತಿತ್ತು.

“ಗಾಳಿ ಬರುತ್ತದೆಯೋ, ಅದೂ ಇಲ್ಲವೋ?” ಎಂದು ಮೊದಲು ಕೇಳಿದರು. ಜೋರಾಗಿಯೇ ಬರುತ್ತದೆ ಎಂದೆವು. ಗಾಳಿಯೇ ಇಲ್ಲದಿದ್ದರೆ ಅದು ಬೀಸಣಿಗೆಯ ಕಾಯಿಲೆ. ಅದರ ವಿದ್ಯುತ್ತಿನ ಫ್ಯೂಸು, ಮೋಟರು ನೋಡಬೇಕಾಗುತ್ತಿತ್ತು.

“ಸೂಜಿ ಏನು ಹೇಳುತ್ತದೆ?” ಎಂಬುದು ಎರಡನೆಯ ಪ್ರಶ್ನೆ. ಚಾಲಕನ ಮುಂದೆ ಎಂಜಿನಿನ ಉಷ್ಣವನ್ನು ತೋರಿಸುವ ಸೂಜಿಯೊಂದಿದೆಯಲ್ಲ, ಅದರ ಮಾತು. ಸೂಜಿ ಮಧ್ಯದಲ್ಲಿದೆ ಎಂದ ಭಾವ. ವೃದ್ಧರು ತಲೆದೂಗಿ, ಹಾಗಾದರೆ ಥರ್ಮೋಸ್ಟಾಟು ನಿರಪರಾಧಿ ಎಂದರು. ಈ ಥರ್ಮೋಸ್ಟಾಟೆಂಬುದು ಎಂಜಿನಿನ ನೀರಿಗೆ ಕಟ್ಟಿದ ಒಂದು ತೂಬು. ಅದರೊಳಗೆ ಮೇಣದ ಗುಳಿಗೆಯೊಂದಿರುತ್ತದೆ. ನೀರು 80–90 ಡಿಗ್ರಿ ಕಾದಾಗ ಮೇಣ ಕರಗಿ ಹಿಗ್ಗಿ ತೂಬನ್ನು ತೆರೆದು ರೇಡಿಯೇಟರಿಗೆ ನೀರು ಬಿಡುತ್ತದೆ. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನು ಕಾಯುವುದೇ ಇಲ್ಲ. ಸೂಜಿ ಕೆಳಗೇ ಬಿದ್ದಿರುತ್ತದೆ. ವೇಗವಾಗಿ ಓಡಿದಷ್ಟೂ ಗಾಡಿ ತಣ್ಣಗಾಗುತ್ತದೆ. ಚಳಿಯ ದೇಶಗಳಲ್ಲಿ ತಣ್ಣನೆಯ ಗಾಳಿಗೆ ಸಾಮಾನ್ಯವಾದ ಕಾರಣಗಳಲ್ಲಿ ಇದೂ ಒಂದು; ಹೋಲಿಕೆಯಲ್ಲಿ ಅಗ್ಗವಾದದ್ದು ಕೂಡ.

ಮೂರನೆಯ ಪ್ರಶ್ನೆ ಬಂದಾಗ ಅವರು ಗೋಡೆಯನ್ನು ಬಿಟ್ಟು ನೆಟ್ಟಗೆ ನಿಂತರು: “ಓಡುವಾಗ ಬೆಚ್ಚಗೆ, ನಿಂತಾಗ ತಣ್ಣಗೆ, ಹೀಗೇನಾದರೂ ಉಂಟೆ?” ಭಾವನಿಗೆ ಉತ್ತರ ತಿಳಿಯದು. ತಂಗಿ ಒಳಗಿನಿಂದ ಬಂದವಳು ಹೇಳಿದಳು: “ಮೊದಲನೆಯ ವಾರ ಹಾಗೆಯೇ ಇತ್ತು. ಹೆದ್ದಾರಿಯಲ್ಲಿ ಬೆಚ್ಚಗಿರುತ್ತಿತ್ತು, ಕೆಂಪು ದೀಪದ ಬಳಿ ನಿಂತ ಕೂಡಲೇ ತಣ್ಣಗೆ. ಒಂದು ಸಲ ಸೂಜಿಯೂ ಸ್ವಲ್ಪ ಮೇಲೆದ್ದು ಮತ್ತೆ ಇಳಿಯಿತು. ನಾನು ಹೇಳಿದ್ದೆ.” ಹೇಳಿದ್ದಳು, ಹೌದು. ಮನೆಯ ಹೆಂಗಸರು ಗಾಡಿಯ ವಿಷಯ ಹೇಳಿದಾಗ ಗಂಡಸರು ಕೇಳಿಸಿಕೊಳ್ಳುವ ಬಗೆ ಎಲ್ಲ ದೇಶಗಳಲ್ಲಿಯೂ ಒಂದೇ. ವೃದ್ಧರು ಭಾವನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ಆ ಮೇಲೆದ್ದಿಳಿದ ಸೂಜಿಯನ್ನು ಮಾತ್ರ ಇನ್ನೊಂದು ಸಲ ಹೇಳಿಸಿ ಕೇಳಿದರು.

ಆಮೇಲೆ ಸಣ್ಣಪುಟ್ಟವು. ಮುಂಗಾಜಿನ ಮೇಲೆ ಜಿಡ್ಡಿನ ಪೊರೆ ಕೂರುತ್ತದೆಯೆ? ಒಳಗೆ ಸಿಹಿವಾಸನೆ? ಕಾಲಡಿಯ ಹಾಸು ಒದ್ದೆಯೆ? ಇವು ಒಳಗಿನ ಪುಟ್ಟ ರೇಡಿಯೇಟರು ಸೋರುವ ಲಕ್ಷಣಗಳು. ಇಲ್ಲ ಎಂದೆವು. ಹಲಗೆಯ ಹಿಂದೆ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಸದ್ದು? ಬಿಸಿ ತಣ್ಣನೆಯ ಗಾಳಿಗಳನ್ನು ಬೆರೆಸುವ ಬಾಗಿಲೊಂದು ಅಲ್ಲಿದೆ; ಅದನ್ನು ತಿರುಗಿಸುವ ಪುಟ್ಟ ಮೋಟರಿನ ಪ್ಲಾಸ್ಟಿಕ್ಕಿನ ಹಲ್ಲು ಮುರಿದರೆ ಈ ಸದ್ದು. ಅದೂ ಇಲ್ಲ. (ವೃದ್ಧರಿಗೆ ಹಲ್ಲಿಯ ಉಪಮೆ ನನ್ನದು, ಆ ಚಳಿಯಲ್ಲಿ ಹಲ್ಲಿಯೇ ಇಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.)

ಇಷ್ಟಾದ ಮೇಲೆ ಎಂಜಿನನ್ನು ಚಾಲೂ ಮಾಡಿಸಿ, ಸೂಜಿ ಮಧ್ಯಕ್ಕೆ ಬರುವವರೆಗೆ ಕಾದು, ಕೈಗವಸನ್ನು ಕಳಚಿ, ಎಂಜಿನಿನ ಹಿಂದಿನ ಗೋಡೆಯೊಳಕ್ಕೆ ಹೋಗುವ ಆ ಎರಡು ರಬ್ಬರು ಕೊಳವೆಗಳನ್ನು ಮುಟ್ಟಿ ನೋಡಿದರು. ನಾಡಿ ಹಿಡಿಯುವುದೆಂದರೆ ಇದೇ. ಎರಡೂ ಸುಡುತ್ತಿದ್ದರೆ ನೀರು ಚೆನ್ನಾಗಿ ಸುತ್ತುತ್ತಿದೆ, ದೋಷ ಗಾಳಿಯ ಬಾಗಿಲಿನದು. ಎರಡೂ ತಣ್ಣಗಿದ್ದರೆ ಕಾದ ನೀರು ಅಲ್ಲಿಯವರೆಗೆ ಬಂದೇ ಇಲ್ಲ. ಒಂದು ಬಿಸಿ, ಒಂದು ತಣ್ಣಗೆ ಎಂದರೆ ನೀರು ಬಾಗಿಲವರೆಗೆ ಬಂದು ಒಳಗೆ ಹರಿಯುತ್ತಿಲ್ಲ: ಒಂದೋ ಹೂಳು ತುಂಬಿದೆ, ಇಲ್ಲವೇ ಗಾಳಿ ಸೇರಿಕೊಂಡಿದೆ. ನಮ್ಮದು ಈ ಮೂರನೆಯದು. “ನೋಡಿದಿರಾ, ಕಾರ್ಖಾನೆಯವರೂ ಕಟ್ಟಿಕೊಂಡಿದೆ ಎಂದರು” ಎಂದ ಭಾವ, ಗೆದ್ದ ದನಿಯಲ್ಲಿ. ವೃದ್ಧರು ಎಂಜಿನಿನ ವೇಗವನ್ನು ಹೆಚ್ಚಿಸಲು ಹೇಳಿದರು. ಅರ್ಧ ನಿಮಿಷದಲ್ಲಿ ತಣ್ಣಗಿದ್ದ ಕೊಳವೆ ಉಗುರುಬೆಚ್ಚಗಾಯಿತು. ವೇಗ ಇಳಿಸಿದೊಡನೆ ಮತ್ತೆ ಆರಿತು. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಹೂಳು ತುಂಬಿದ್ದರೆ ಹೀಗೆ ವೇಗಕ್ಕೆ ತಕ್ಕಂತೆ ಕುಣಿಯುವುದಿಲ್ಲ. ಇದು ನೀರು ಸಾಲದ್ದರ ಲಕ್ಷಣ. ಪಂಪು ಜೋರಾಗಿ ತಿರುಗಿದಾಗ ಒಂದಿಷ್ಟು ನೀರು ಮೇಲಕ್ಕೆ ಏರುತ್ತದೆ. ನಿಧಾನವಾದರೆ ಆ ಜಾಗದಲ್ಲಿ ಗಾಳಿ.

ನಾಲೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ತಲೆಯ ಕಡೆಯ ರೈತ, ನೀರಿಗೆ ಬರವೆಲ್ಲಿ ಎಂದು ಕೇಳುತ್ತಿರುತ್ತಾನೆ. ಎಂಜಿನಿನ ಸೂಜಿ ಆ ತಲೆಯ ಕಡೆಯ ರೈತ. ಒಳಗಿನ ಪುಟ್ಟ ರೇಡಿಯೇಟರು ಕೊನೆಯ ಗದ್ದೆ. ಮಂಡ್ಯದ ಕಡೆಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನನಗೆ ಇದನ್ನು ತಿಳಿಯಲು ಬೇರೆ ವಿವರಣೆ ಬೇಕಾಗಲಿಲ್ಲ. ತಣ್ಣನೆಯ ಗಾಳಿ ಬಿಸಿಗಾಳಿಯ ಯಂತ್ರದ ಕಾಯಿಲೆಯಲ್ಲ. ಎಂಜಿನಿನಲ್ಲಿ ನೀರಿಳಿಯುತ್ತಿದೆ ಎಂಬ ಸುದ್ದಿ, ಸೂಜಿಗೂ ಮೊದಲೇ ಬಂದದ್ದು.

“ಆದರೆ ಸೀಸೆ ತುಂಬಿದೆಯಲ್ಲ!” ಎಂದ ಭಾವ. ರೇಡಿಯೇಟರಿನ ಪಕ್ಕದಲ್ಲಿ ಹೆಚ್ಚುವರಿ ದ್ರವದ ಪಾರದರ್ಶಕ ಸೀಸೆಯೊಂದಿದೆ. ಅದರಲ್ಲಿ ನಿಜಕ್ಕೂ ಗುರುತಿನವರೆಗೆ ದ್ರವವಿತ್ತು. ಕಾರ್ಖಾನೆಯವರೂ ಅದನ್ನು ನೋಡಿಯೇ ಸಮಾಧಾನಗೊಂಡಿರಬೇಕು. ವೃದ್ಧರು, ನಾಳೆ ಬೆಳಗ್ಗೆ ಎಂಜಿನು ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆಯೋಣ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಹೋದರು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಒಳಗಿನ ದ್ರವ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಹೆಚ್ಚಿನ ಒತ್ತಡದಲ್ಲಿರುತ್ತದೆ. ಆದ್ದರಿಂದಲೇ ಅದು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲುದು. ಮುಚ್ಚಳ ಬಿಚ್ಚಿದ ಕ್ಷಣ ಒತ್ತಡ ಹೋಗಿ, ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ನನ್ನ ಬಾಲ್ಯದಲ್ಲಿ ಆಗುಂಬೆಯ ಘಾಟಿ ಏರುವಾಗ ಬಾಡಿಗೆಯ ಅಂಬಾಸಡರ್ ಗಾಡಿ ಬುಸುಗುಟ್ಟಿ ನಿಂತರೆ, ಚಾಲಕ ಕಲ್ಲಿನ ಮೇಲೆ ಕುಳಿತು ಒಂದು ಬೀಡಿ ಪೂರ್ತಿ ಸೇದಿ, ಇನ್ನೊಂದನ್ನೂ ಹಚ್ಚುತ್ತಿದ್ದ. ಅವನನ್ನು ಸೋಮಾರಿಯೆಂದು ನಮ್ಮ ತಂದೆ ಗೊಣಗುತ್ತಿದ್ದರು. ಆ ಎರಡು ಬೀಡಿಗಳಲ್ಲಿ ಭೌತಶಾಸ್ತ್ರವಿತ್ತೆಂದು ಈಗ ತಿಳಿಯಿತು.

ಭಾನುವಾರ ಬೆಳಗ್ಗೆ ಮುಚ್ಚಳ ತೆಗೆದು ದೀಪ ಹಿಡಿದರೆ ದ್ರವ ಕಣ್ಣಿಗೆ ಕಾಣಲೇ ಇಲ್ಲ. ಸೀಸೆ ತುಂಬಿದ್ದು, ರೇಡಿಯೇಟರು ಬರಿದು! ಇದು ಹೇಗೆಂದು ಕೇಳಿದೆ. ಎಂಜಿನು ಆರುವಾಗ ಒಳಗಿನ ದ್ರವ ಕುಗ್ಗಿ, ಸೀಸೆಯಿಂದ ತನಗೆ ಬೇಕಾದಷ್ಟನ್ನು ಹೀರಿಕೊಳ್ಳಬೇಕು. ಎಲ್ಲಿಯೋ ಒಂದು ರಂಧ್ರವಿದ್ದರೆ ದ್ರವದ ಬದಲು ಅಲ್ಲಿಂದ ಗಾಳಿಯನ್ನು ಹೀರುತ್ತದೆ. ಸೀಸೆ ಇದ್ದ ಹಾಗೆಯೇ ಇರುತ್ತದೆ. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಹೊರಪುಟವನ್ನು ನೋಡಿ ಅಂಕ ಹಾಕಿದ ಹಾಗಾಗಿತ್ತು ನಮ್ಮ ಕೆಲಸ.

ಸುಮಾರು ಎರಡು ಲೀಟರು ಹಿಡಿಯಿತು. ಸುರಿದದ್ದು ನೀರಲ್ಲ, ಕೂಲೆಂಟ್ ಎಂಬ ದ್ರವ: ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್. ಇದರ ಸ್ವಭಾವ ವಿಚಿತ್ರ. ಬರಿಯ ನೀರು ಶೂನ್ಯದಲ್ಲಿ ಹೆಪ್ಪುಗಟ್ಟುತ್ತದೆ. ಬರಿಯ ಗ್ಲೈಕಾಲೂ ಶೂನ್ಯಕ್ಕಿಂತ 13 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಎರಡನ್ನೂ ಸಮಸಮ ಬೆರೆಸಿದರೆ 37 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ. ದಾಂಪತ್ಯದಲ್ಲಿಯೂ ಇಂಥದು ಉಂಟೆಂದು ಹೇಳುವವನಿದ್ದೆ. ತಂಗಿಯೂ ಭಾವನೂ ಆಗ ಮಾತು ಬಿಟ್ಟಿದ್ದರು. ಆದರೆ ಈ ದ್ರವ ವಿಷ, ರುಚಿಗೆ ಸಿಹಿ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಎತ್ತರದಲ್ಲಿಡಬೇಕು. ನಮ್ಮ ಊರುಗಳಲ್ಲಿ ಇದರ ಬದಲು ಕೊಳವೆಬಾವಿಯ ಗಡಸು ನೀರನ್ನು ತುಂಬುವ ಅಭ್ಯಾಸವುಂಟು. ಅದರ ಸುಣ್ಣದಂಶವೂ ತುಕ್ಕೂ ಸೇರಿ ಪುಟ್ಟ ರೇಡಿಯೇಟರಿನ ಸೂಕ್ಷ್ಮ ನಾಳಗಳನ್ನು ಕಟ್ಟಿಬಿಡುತ್ತವೆ. ಕೆಂಪು ಗುಂಡಿಯನ್ನು ತಿರುಗಿಸದ ನಮಗೆ ಅದು ತಿಳಿಯುವುದೂ ಇಲ್ಲ. ಬರಿಯ ನೀರಿನ ಅದೇ ಗಾಡಿಯಲ್ಲಿ ಚಳಿಗಾಲದ ಮನಾಲಿಗೋ ಲಡಾಖಿಗೋ ಹೋದವರ ಎಂಜಿನು ಒಂದೇ ರಾತ್ರಿಯಲ್ಲಿ ಬಿರಿಯಬಹುದು. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ.

ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಗುಂಡಿಯನ್ನು ಕೆಂಪಿನ ತುದಿಗೆ ತಿರುಗಿಸಿ, ಮುಚ್ಚಳವನ್ನು ತೆರೆದೇ ಇಟ್ಟು ತಣ್ಣಗಿದ್ದ ಎಂಜಿನನ್ನು ಚಾಲೂ ಮಾಡಿದೆವು. ಮೆಲ್ಲಮೆಲ್ಲನೆ ಗಾಳಿಯ ಗುಳ್ಳೆಗಳು ಗುಳುಗುಳು ಎಂದು ಮೇಲೆದ್ದು ಒಡೆದವು. ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ ಎಂಜಿನಿನೊಳಗಿನ ಬೆಸುಗೆಯ ಹಾಳೆ ಒಡೆದು ಉರಿಯ ಅನಿಲವೇ ನೀರಿಗೆ ಸೇರುತ್ತಿದೆ ಎಂದರ್ಥವಂತೆ. ಅದು ದೊಡ್ಡ ಕಾಯಿಲೆ. ವೃದ್ಧರು ಕಾಲು ಗಂಟೆ ಕಣ್ಣು ಕೀಲಿಸಿ ನಿಂತರು. ಗುಳ್ಳೆಗಳು ನಿಂತವು. ಒಳಗೆ ಕುಳಿತಿದ್ದ ನನ್ನ ಕಾಲಿಗೆ ಮೊದಲು ಉಗುರುಬೆಚ್ಚಗೆ, ಆಮೇಲೆ ಬಚ್ಚಲೊಲೆಯ ಮುಂದೆ ಕುಳಿತಷ್ಟು ಹಿತವಾದ ಗಾಳಿ ಬಂತು. ನಾನು ಕೂಗಿಕೊಂಡೆ. ಭಾವ, “ಮಂಗಳವಾರದ ಪ್ರಯಾಣಕ್ಕೆ ಅಡ್ಡಿಯಿಲ್ಲ” ಎಂದ.

ಇಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ವೃದ್ಧರು, “ಎರಡು ಲೀಟರು ಎಲ್ಲಿಗೆ ಹೋಯಿತು?” ಎಂದರು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಅವರು ದೀಪವನ್ನೂ ಕನ್ನಡಿಯ ತುಂಡನ್ನೂ ಹಿಡಿದು ಎಂಜಿನಿನ ಪಕ್ಕದಲ್ಲಿ ಬಹಳ ಹೊತ್ತು ಹುಡುಕಿದರು. ನೀರಿನ ಪಂಪಿನ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ರಂಧ್ರವೊಂದಿರುತ್ತದೆ. ಪಂಪಿನ ಒಳಗಿನ ಮೊಹರು ಸವೆದಾಗ ದ್ರವ ಅಲ್ಲಿಂದ ಜಿನುಗಿ ಎಚ್ಚರಿಕೆ ಕೊಡಲೆಂದೇ ಬಿಟ್ಟದ್ದು. ಅದರ ಸುತ್ತ ನಸುಗೆಂಪಿನ ಉಪ್ಪಿನಂಥ ಪದರ ಕಟ್ಟಿತ್ತು. ಜಿನುಗಿದ್ದೆಲ್ಲ ಕಾದ ಎಂಜಿನಿನ ಮೇಲೆಯೇ ಆರಿಹೋಗುತ್ತಿದ್ದುದರಿಂದ ನೆಲಕ್ಕೆ ಬೀಳುತ್ತಿರಲಿಲ್ಲ.

ಭಾವ ಸುಲಭಕ್ಕೆ ಒಪ್ಪಲಿಲ್ಲ. ಮೂರು ವಾರಕ್ಕೆ ಎರಡು ಲೀಟರು ಹೋಗಿದ್ದರೆ ಒಂದು ದಿನದ ಪ್ರಯಾಣಕ್ಕೆ ಎಷ್ಟು ಹೋದೀತು? ಒಂದು ಡಬ್ಬಿ ಜೊತೆಗಿಟ್ಟುಕೊಂಡರಾಯಿತು. ಲೆಕ್ಕ ಸರಿಯಾಗಿಯೇ ಇತ್ತು. ವೃದ್ಧರು ಎದುರುತ್ತರ ಕೊಡದೆ ಪಂಪಿನ ಗಾಲಿಯನ್ನು ಹಿಡಿದು ಆಡಿಸಿ ತೋರಿಸಿದರು. ಅದು ಸಡಿಲಾದ ಹಲ್ಲಿನಂತೆ ಅಲುಗಿತು. ಅದರ ಬೇರಿಂಗು ಕಿತ್ತುಹೋದರೆ ಜಿನುಗುವುದಲ್ಲ, ಹರಿಯುತ್ತದೆ. ಪಟ್ಟಿ ಜಾರಿದರೆ ವಿದ್ಯುತ್ತೂ ಹೋಗುತ್ತದೆ. ನೀರೆಲ್ಲ ಹೋದ ಮೇಲೆ ಉಷ್ಣವನ್ನಳೆಯುವ ಯಂತ್ರ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿರುವುದರಿಂದ ಸೂಜಿಯೂ ನಿಜ ಹೇಳದೆ ಇರಬಹುದು. ಬಿಸಿಗಾಳಿ ಹಠಾತ್ತನೆ ತಣ್ಣಗಾಗಿ ಸೂಜಿ ಮೇಲಕ್ಕೆ ಹೊರಟಿತೆಂದರೆ ಆ ಕ್ಷಣ ಗಾಡಿಯನ್ನು ಬದಿಗೆ ನಿಲ್ಲಿಸಲೇಬೇಕು. ಇನ್ನೆರಡು ಮೈಲಿ ಎಂದರೆ ಎಂಜಿನು ಸುಟ್ಟಿತು. ಆದರೆ ಬೆಳಗಿನ ಆರು ಗಂಟೆಗೆ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ, ಗಾಳಿ ಬೀಸುವ ಬಯಲಿನಲ್ಲಿ, ಹೃದ್ರೋಗದ ಮುದುಕಿಯನ್ನೂ ಹತ್ತು ತಿಂಗಳ ಕೂಸನ್ನೂ ಕೂರಿಸಿಕೊಂಡು ಬದಿಗೆ ನಿಲ್ಲಿಸುವುದೆಂದರೇನು? ಗಾಡಿಯೊಳಗಿನ ಕಾವು ಎಷ್ಟು ನಿಮಿಷ ಉಳಿದೀತು? ವೃದ್ಧರು ಇಷ್ಟನ್ನೂ ಹೇಳಲಿಲ್ಲ. ತಮ್ಮ ಗಾಡಿಯ ಹಿಂಬದಿಯ ಪೆಟ್ಟಿಗೆಯನ್ನು ತೆರೆದು ತೋರಿಸಿದರು: ಎರಡು ಉಣ್ಣೆಯ ಕಂಬಳಿ, ಸಲಿಕೆ, ಒಂದು ಚೀಲ ಮರಳು, ಕಾಫಿಯ ಹಳೆಯ ಡಬ್ಬಿಯೊಳಗೆ ದಪ್ಪ ಮೇಣದಬತ್ತಿ, ಬೆಂಕಿಪೆಟ್ಟಿಗೆ. ಮಳೆಗಾಲದ ಕೊಡೆಯ ಹಾಗೆ ಅಲ್ಲಿಯವರು ಇದನ್ನೆಲ್ಲ ಚಳಿಗಾಲವಿಡೀ ಹೊತ್ತೇ ತಿರುಗುತ್ತಾರೆ. ಹಿಮದಲ್ಲಿ ಸಿಕ್ಕಿಬಿದ್ದು ಎಂಜಿನು ನಡೆಸುತ್ತ ಕೂರುವುದಾದರೆ ಮೊದಲು ಹೊಗೆಕೊಳವೆಯ ಬಾಯಿಂದ ಹಿಮ ತೆಗೆಯಬೇಕು, ಇಲ್ಲದಿದ್ದರೆ ವಿಷಾನಿಲ ಒಳಗೆ ತುಂಬುತ್ತದೆ ಎಂದೂ ಹೇಳಿದರು. ಆ ಡಬ್ಬಿಯೊಳಗಿನ ಮೇಣದಬತ್ತಿಯನ್ನು ನೋಡಿ ಭಾವ ಸುಮ್ಮನಾದ. ಅದು ಅರ್ಧ ಉರಿದಿತ್ತು.

ಮಂಗಳವಾರ ಹೊರಟದ್ದು ವೃದ್ಧರ ಗಾಡಿಯಲ್ಲಿ. ನಮ್ಮದನ್ನು ಅವರ ಪರಿಚಯದ ಸಣ್ಣ ಅಂಗಡಿಗೆ ಬಿಟ್ಟೆವು. ಪಂಪು, ಪಟ್ಟಿ, ಹೇಗೂ ನೀರು ಇಳಿಸುವುದರಿಂದ ಅದರ ಜೊತೆಗೆ ಹೊಸ ಥರ್ಮೋಸ್ಟಾಟು, ಎಲ್ಲ ಸೇರಿ 480 ಡಾಲರು ತೆಗೆದುಕೊಂಡರು. ಹೀಟರ್ ಕೋರನ್ನು ಯಾರೂ ಮುಟ್ಟಲಿಲ್ಲ. ಅದು ಇಂದಿಗೂ ಹಳೆಯದೇ. ತಂಗಿ ಈಗ ವಿದ್ಯುತ್ತಿನ ಗಾಡಿ ಕೊಳ್ಳುವ ಮಾತನಾಡುತ್ತಿದ್ದಾಳೆ. ಅದರಲ್ಲಿ ಮುಖ್ಯ ಒಲೆಯೇ ಇಲ್ಲವಾದ್ದರಿಂದ ಕೋಡೊಲೆಯ ಪ್ರಶ್ನೆಯೂ ಇಲ್ಲ. ಬಿಸಿಗಾಳಿಯನ್ನು ಬ್ಯಾಟರಿಯ ಶಕ್ತಿಯಿಂದಲೇ ಹುಟ್ಟಿಸಬೇಕು, ಚಳಿಗಾಲದಲ್ಲಿ ಓಡುವ ದೂರ ಅಷ್ಟು ಕಡಿಮೆಯಾಗುತ್ತದೆ. ಭಾವ ಅದರ ಲೆಕ್ಕವನ್ನು ಹಾಕುತ್ತಿದ್ದಾನೆ.

ವೃದ್ಧರ ಗಾಡಿ ದೋಣಿಯಂಥ ಹಳೆಯ ಸೆಡಾನು. ಗಾಡಿ ಚಾಲೂ ಆಗಿ ಏಳೆಂಟು ನಿಮಿಷಗಳವರೆಗೆ ಅದರಲ್ಲಿಯೂ ಚಳಿಯೇ. ಎಂಜಿನು ಕಾಯುವ ಮುನ್ನ ಯಾವ ಗಾಡಿಯೂ ಬಿಸಿ ಕೊಡಲಾರದು. ಊರು ದಾಟಿದ ಮೇಲೆ ಸೂಜಿ ಮಧ್ಯಕ್ಕೆ ಬಂತು, ಮುಂಗಾಜಿನ ಪೊರೆ ಕೆಳಗಿನಿಂದ ಕರಗುತ್ತ ಏರಿತು, ಹೊಲಗಳ ಮೇಲೆ ಹಿಮ ಹೊಗೆಯ ಹಾಗೆ ಹರಿಯುವುದು ಕಾಣಿಸಿತು. ನಾನು ದಾರಿಯುದ್ದಕ್ಕೂ ಆ ಸೂಜಿಯನ್ನೇ ನೋಡುತ್ತ ಕುಳಿತಿದ್ದೆ. ಹಿಂದಿನ ಪೀಠದಲ್ಲಿ ಮಗು ನಿದ್ದೆ ಹೋಗಿತ್ತು. ಅರ್ಧ ದಾರಿಯಲ್ಲಿ ಅತ್ತೆಯವರು ಮೂರು ಪದರದ ಶಾಲನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟು, ಬೀಸಣಿಗೆಗಾಗಿ ಸುತ್ತ ನೋಡಿ, ನನ್ನನ್ನು ಕರೆದು ಹೇಳಿದರು: “ಆ ಗುಂಡಿ ಕೊಂಚ ಈ ಕಡೆ ತಿರುಗಿಸಪ್ಪ, ವಿಪರೀತ ಸೆಕೆ.”